ಮಾಡಿಸುವುದೋ, ತಿಂಗಳ ಚಂದಾ ಕಟ್ಟುವುದೋ?

ಕಳೆದ ಸಂಚಿಕೆಯಲ್ಲಿ ಅಂಗಡಿ ಲೆಕ್ಕದ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಕೇಳಿವೆ: ಫ್ರೀಲ್ಯಾನ್ಸ್ ಡೆವಲಪರ್ ಹತ್ತಿರ ಸಾಫ್ಟ್‌ವೇರ್ ಬರೆಸುವುದಾ, ಇಲ್ಲ ರೆಡಿ ಇರುವುದಕ್ಕೆ ಚಂದಾ ಕಟ್ಟುವುದಾ? ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಯಿತು, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಮ್ಮದು ಸೀರೆ ವ್ಯಾಪಾರ. ನಲವತ್ತು ಮಗ್ಗದವರಿಗೆ ನೂಲು ಕೊಟ್ಟು ನೇಯಿಸುತ್ತೇವೆ, ವಹಿವಾಟು ವರ್ಷಕ್ಕೆ ಮೂರೂವರೆ ಕೋಟಿ. ಯಾರಿಗೆ ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಬಂತು, ಮಜೂರಿ ಎಷ್ಟು, ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳಬೇಕು, ಎಲ್ಲ ಪುಸ್ತಕದಲ್ಲೇ ಇದೆ. ಹುಬ್ಬಳ್ಳಿಯ ಒಬ್ಬ ಹುಡುಗ ಬಿಲ್ಲು, ಜಿಎಸ್‌ಟಿ, ನೇಕಾರರ ಲೆಕ್ಕ ಎಲ್ಲ ಸೇರಿಸಿ 1,80,000 ರೂಪಾಯಿಗೆ ಮಾಡಿಕೊಡುತ್ತೇನೆ ಅಂದಿದ್ದಾನೆ. ಎರಡನೇ ವರ್ಷದಿಂದ ನಿರ್ವಹಣೆಗೆ 20,000. ಇನ್ನೊಂದು ಚಂದಾ ಸಾಫ್ಟ್‌ವೇರ್ ತಿಂಗಳಿಗೆ ಒಬ್ಬರಿಗೆ 900, ನಾವು ಆರು ಜನ. ಮಗ ಚಂದಾ ಅನ್ನುತ್ತಾನೆ. ನನಗೆ ಅದು ಮುಗಿಯದ ಬಡ್ಡಿ ಕಟ್ಟಿದಂಗೆ ಅನಿಸುತ್ತದೆ.
— ಒಬ್ಬ ಓದುಗರು, ಬನಹಟ್ಟಿ

ಉತ್ತರ: ಮೊದಲು ನಿಮ್ಮದೇ ಅಂಕಿ ಇಟ್ಟುಕೊಂಡು ಲೆಕ್ಕ ಹಾಕೋಣ. ಚಂದಾ ವರ್ಷಕ್ಕೆ 64,800, ಮೂರು ವರ್ಷಕ್ಕೆ 1,94,400. ಹುಡುಗನದು ಮೂರು ವರ್ಷಕ್ಕೆ 2,20,000. ನಾಲ್ಕನೇ ವರ್ಷದಲ್ಲಿ ತಕ್ಕಡಿ ತಿರುಗುತ್ತದೆ, ಐದು ವರ್ಷಕ್ಕೆ ಚಂದಾ 3,24,000 ಆದರೆ ಅವನದು 2,60,000. ಅಂದರೆ ನೀವು ಹೇಳಿದ್ದು ಸರಿ, ಮಗ ಹೇಳಿದ್ದೂ ಸರಿ, ಎಷ್ಟು ವರ್ಷ ಎಣಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಆದರೆ ಈ ಲೆಕ್ಕ ನಂಬಬೇಡಿ, ಯಾಕೆಂದರೆ ದೊಡ್ಡ ಖರ್ಚು, ನಿಯಮ ಬದಲಾದಾಗಲೆಲ್ಲ ಸಾಫ್ಟ್‌ವೇರ್ ತಿದ್ದಿಸುವುದು, ಇದರಲ್ಲಿ ಇಲ್ಲವೇ ಇಲ್ಲ.

ಇದನ್ನು ಬಾಡಿಗೆ ಮನೆ, ಸ್ವಂತ ಮನೆಗೆ ಹೋಲಿಸುವವರು ತುಂಬಾ ಜನ. ನನಗೆ ಒಪ್ಪಿಗೆ ಇಲ್ಲ. ಸ್ವಂತ ಮನೆ ಕಟ್ಟಿಸಿದವರಿಗೆ ಸರ್ಕಾರ ಬಂದು, ಮುಂದಿನ ಸೋಮವಾರದಿಂದ ಬಾಗಿಲಿನ ಅಳತೆ ಬದಲು ಅನ್ನುವುದಿಲ್ಲ ಅಲ್ವಾ? ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹಾಗೆ ಅನ್ನುತ್ತದೆ. 2025ರ ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಮಂಡಳಿ ದರ ಬದಲಾಯಿಸಿತು, 22ರಿಂದ ಜಾರಿ. ನಡುವೆ ಇದ್ದದ್ದು ಹತ್ತೊಂಬತ್ತು ದಿನ. ನೀವು ತರಿಸುವ ನೂಲು ಪಾಲಿಯೆಸ್ಟರ್ ಆಗಿದ್ದರೆ ಅದರ ಮೇಲಿದ್ದ ಶೇ 12 ತೆರಿಗೆ ಶೇ 5ಕ್ಕೆ ಇಳಿದದ್ದೂ ಆವತ್ತೇ. ಅಷ್ಟು ದಿನದಲ್ಲಿ ಚಂದಾ ಕಂಪನಿ ತನ್ನ ಎಲ್ಲ ಗ್ರಾಹಕರಿಗೂ ಒಂದೇ ಸಲ ಸರಿ ಮಾಡಬೇಕು, ಮಾಡದಿದ್ದರೆ ಅದಕ್ಕೆ ವ್ಯಾಪಾರವೇ ಇಲ್ಲ. ನಿಮ್ಮ ಹುಡುಗನಿಗೆ ಆ ವಾರ ಅಕ್ಕನ ಮದುವೆ ಇದ್ದರೆ? ಹಳೇ ಬಿಲ್ಲು ಹಳೇ ದರದಲ್ಲೇ ಉಳಿಯಬೇಕು, ಹೊಸದು ಹೊಸ ದರದಲ್ಲಿ ಬರಬೇಕು, ವಾಪಸ್ ಬಂದ ಮಾಲಿಗೆ ಯಾವ ದರ, ಇದೆಲ್ಲ ಮೊದಲೇ ಯೋಚಿಸಿ ಬರೆದಿರಬೇಕು. ಹೊಸದಾಗಿ ಬರೆಯುವವರು ಅನೇಕರು ದರವನ್ನು ಕೋಡ್ ಒಳಗೇ ಹೊಲಿದುಬಿಡುತ್ತಾರೆ, ದರ ಬದಲಾದರೆ ಕೋಡನ್ನೇ ಬಿಚ್ಚಿ ತಿದ್ದಬೇಕು.

ಇನ್ನೂ ಇದೆ. ವಹಿವಾಟು 5 ಕೋಟಿ ದಾಟಿದರೆ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವುದು) ಕಡ್ಡಾಯ, 2023ರ ಆಗಸ್ಟ್ 1ರಿಂದ ಈ ಮಿತಿ ಇದೆ. ನೀವು ಮೂರೂವರೆಯಲ್ಲಿದ್ದೀರಿ, ಎರಡು ಒಳ್ಳೇ ಮದುವೆ ಸೀಸನ್ ಸಾಕು. ಮುಂದೆ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡರೆ, ಯಾರು ಯಾವ ಎಂಟ್ರಿ ಯಾವಾಗ ತಿದ್ದಿದರು ಅನ್ನುವ ದಾಖಲೆ ಆಫ್ ಮಾಡಲು ಬರದಂತೆ ಸಾಫ್ಟ್‌ವೇರಿನಲ್ಲೇ ಇರಬೇಕು, ಕಂಪನಿಗಳಿಗೆ ಇದು 2023ರ ಏಪ್ರಿಲ್ 1ರಿಂದ ಬಂದ ನಿಯಮ. ಆ 1,80,000ದಲ್ಲಿ ಇವೆಲ್ಲ ಸೇರಿವೆಯಾ ಅಂತ ಸುಮ್ನೆ ಕೇಳಿ ನೋಡಿ.

ಹಾಗಾದರೆ ಚಂದಾ ಅಂತ ಮುಗಿಸಿಬಿಡಬಹುದಿತ್ತು. ಆದರೆ ನಿಮ್ಮ ಪತ್ರದ ಅಸಲು ವಿಷಯ ನೇಕಾರರ ಲೆಕ್ಕ. ಹಾಸಿಗೆ (ಉದ್ದದ ಎಳೆಗೆ) ಎಷ್ಟು ತೂಕದ ನೂಲು, ಹೊಕ್ಕಿಗೆ (ಅಡ್ಡ ಎಳೆಗೆ) ಎಷ್ಟು, ಸೀರೆ ಬಂದಾಗ ಅದರ ತೂಕ, ಹಾಳಾದ ನೂಲಿಗೆ ಎಷ್ಟು ಬಿಡಬೇಕು, ಡಿಸೈನ್ ಮೇಲೆ ಬದಲಾಗುವ ಮಜೂರಿ, ಮೂರು ವರ್ಷದಿಂದ ಹರಿದು ಬಂದ ಮುಂಗಡದಲ್ಲಿ ಈ ವಾರ ಹಬ್ಬ ಅಂತ ಮುರಿಯದೆ ಬಿಟ್ಟದ್ದು. ಇದನ್ನು ರೆಡಿಮೇಡ್ ಸಾಫ್ಟ್‌ವೇರಿಗೆ ಹಾಕಲು ಹೋದರೆ ನಿಮ್ಮ ಗುಮಾಸ್ತರು ಒಂದು ತಿಂಗಳು ಕಷ್ಟಪಟ್ಟು ಮತ್ತೆ ಪುಸ್ತಕಕ್ಕೇ ಬರುತ್ತಾರೆ. ಆಮೇಲೆ ಪುಸ್ತಕವೂ ಇರುತ್ತದೆ, ಚಂದಾವೂ ಇರುತ್ತದೆ!

ಅದಕ್ಕೇ ಕೆಲಸವನ್ನು ಎರಡು ಮಾಡಿ. ದೇಶದಲ್ಲಿ ಎಲ್ಲ ವ್ಯಾಪಾರಿಗಳೂ ಒಂದೇ ಥರ ಮಾಡುವ ಬಿಲ್ಲು, ಜಿಎಸ್‌ಟಿ, ಖಾತೆಗೆ ಚಂದಾ ತಗೊಳ್ಳಿ. ಇದಕ್ಕೆ ಆರು ಜನ ಬೇಡ, ಗುಮಾಸ್ತರು ಮತ್ತು ಮಗ ಸಾಕು, ಇಬ್ಬರಿಗೆ ವರ್ಷಕ್ಕೆ 21,600. ನಿಮ್ಮ ಮನೆಯ ಪದ್ಧತಿಯಾದ ನೂಲು-ಮಜೂರಿ-ಮುಂಗಡಕ್ಕೆ ಮಾತ್ರ ಆ ಹುಡುಗನಿಂದ ಚಿಕ್ಕದಾಗಿ ಬರೆಸಿ. ತೆರಿಗೆಯ ಭಾಗ ಹೋದ ಮೇಲೆ ಅವನ ದರ ಅರ್ಧಕ್ಕಿಂತ ಕೆಳಗೆ ಬರಬೇಕು, ಬರದಿದ್ದರೆ ಬೇರೆಯವರನ್ನು ಕೇಳಿ. ನೇಕಾರರ ಕೈಗೆ ವಾರದ ಚೀಟಿ ಕನ್ನಡದಲ್ಲೇ ಬರಲಿ ಅಂತ ಹೇಳಿ, ಅದು ಅವನಿಗೆ ದೊಡ್ಡ ಕೆಲಸ ಅಲ್ಲ, ನಿಮ್ಮಲ್ಲಿ ಶನಿವಾರದ ಜಗಳ ಕಡಿಮೆಯಾಗುತ್ತದೆ. ಎರಡನ್ನೂ ಜೋಡಿಸುವ ಆಸೆ ಮೊದಲ ವರ್ಷ ಬೇಡ. ವಾರದ ಒಟ್ಟು ಮಜೂರಿಯ ಒಂದೇ ಎಂಟ್ರಿಯನ್ನು ಕೈಯಲ್ಲಿ ಹಾಕಿದರೆ ಆಯಿತು.

ಒಂದು ನನ್ನದೇ ಕಥೆ. ಹಿಂದೆ ನಮ್ಮ ಅಂಗಡಿಗೆ ಆರ್ಡರ್ ತಗೊಳ್ಳುವ ವೆಬ್‌ಸೈಟ್ ಮಾಡಿಸಿದ್ದೆ. ಮಾಡಿಕೊಟ್ಟವನು ಒಳ್ಳೆಯವನೇ, ಮೋಸ ಏನೂ ಇಲ್ಲ, ವಿದೇಶದಲ್ಲಿ ಕೆಲಸ ಸಿಕ್ಕಿತು, ಹೋದ. ಡೊಮೇನ್, ಅಂದರೆ ಸೈಟಿನ ವಿಳಾಸ, ಅವನ ಹೆಸರಿನಲ್ಲಿತ್ತು, ನವೀಕರಣದ ಮೇಲ್ ಅವನು ನೋಡುವುದನ್ನೇ ಬಿಟ್ಟ ಹಳೇ ವಿಳಾಸಕ್ಕೆ ಹೋಗುತ್ತಿತ್ತು. ವರಮಹಾಲಕ್ಷ್ಮಿ ಹಬ್ಬದ ವಾರ ಬೆಳಿಗ್ಗೆ ನೋಡಿದರೆ ಸೈಟೇ ಇಲ್ಲ. ಹಾಗಾಗಿ ಡೊಮೇನ್, ಸರ್ವರ್ ಖಾತೆ, ಕೋಡ್ ಇಡುವ ಖಾತೆ, ಮೂರನ್ನೂ ನಿಮ್ಮ ಮೇಲ್ ಮತ್ತು ನಿಮ್ಮ ಕಾರ್ಡಿನಲ್ಲೇ ತೆರೆದು ಅವನಿಗೆ ಒಳಗೆ ಬರಲು ಅವಕಾಶ ಕೊಡಿ. ಪ್ರತಿ ಕಂತು ಕೊಡುವ ಮುಂಚೆ ಕೋಡ್ ನಿಮ್ಮ ಖಾತೆಗೆ ಬಂದಿದೆಯಾ ನೋಡಿ.

ದುಡ್ಡು ಕೊಟ್ಟ ಮೇಲೆ ಕೋಡ್ ನಮ್ಮದೇ ಅಲ್ವಾ ಅಂತ ನೀವು ಅಂದುಕೊಂಡಿರಬಹುದು. ಸಾಮಾನ್ಯವಾಗಿ ಅಲ್ಲ! 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಂಬಳದ ನೌಕರ ಬರೆದದ್ದು ಮಾಲೀಕರದು, ಆದರೆ ಹೊರಗಿನವನು ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಅವನದೇ. ಹಕ್ಕು ವರ್ಗಾವಣೆ ಬರಹದಲ್ಲಿ ಇರಬೇಕು, ಅವನ ಸಹಿ ಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ ಅಂತ ಕಾಯ್ದೆ ತಿಳಿದುಕೊಳ್ಳುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಫೋನಿನಲ್ಲಿ ‘ಆಯ್ತು ಸರ್’ ಅಂದದ್ದು ಇದಕ್ಕೆ ಆಗುವುದಿಲ್ಲ. ವಕೀಲರ ಹತ್ತಿರ ಒಂದು ಪುಟ ಬರೆಸಿಕೊಳ್ಳಿ.

ಚಂದಾದ ಕಡೆಯೂ ಒಂದು ಪರೀಕ್ಷೆ ಮಾಡಿ. ಹಣ ಕಟ್ಟುವ ಮುಂಚೆ ಪ್ರಯೋಗದ ಖಾತೆಯಲ್ಲಿ ಹತ್ತು ಬಿಲ್ಲು ಹಾಕಿ, ಪಾರ್ಟಿಗಳ ಬಾಕಿ ಸಮೇತ ಎಲ್ಲ ಎಕ್ಸೆಲ್‌ಗೆ ಇಳಿಯುತ್ತದಾ ನೋಡಿ. ಇಳಿಯದಿದ್ದರೆ ದರ ಎಷ್ಟು ಕಡಿಮೆ ಇದ್ದರೂ ಬೇಡ.

ಪ್ರಶ್ನೆ: ದಾವಣಗೆರೆಯಲ್ಲಿ ಫ್ರೀಲ್ಯಾನ್ಸ್ ಕೆಲಸ ಮಾಡುತ್ತೇನೆ. ಏನು ರೇಟ್ ಹೇಳಿದರೂ ಗ್ರಾಹಕರು ‘ತಿಂಗಳಿಗೆ 500ಕ್ಕೆ ಸಾಫ್ಟ್‌ವೇರ್ ಸಿಗುತ್ತದಲ್ಲ’ ಅನ್ನುತ್ತಾರೆ. ಏನು ಉತ್ತರ ಕೊಡಲಿ?

ಉತ್ತರ: ‘ಹೌದು, ಸಿಗುತ್ತದೆ, ಅದನ್ನೇ ತಗೊಳ್ಳಿ’ ಅನ್ನಿ. ಬಿಲ್ಲಿಂಗ್ ಸಾಫ್ಟ್‌ವೇರನ್ನು ಮೊದಲಿಂದ ಬರೆಯುವ ಹುಚ್ಚು ಬಿಡಿ ಮಾರಾಯರೇ, ಅದರಲ್ಲಿ ನೀವು ಗೆಲ್ಲುವುದಿಲ್ಲ. ಆ 500ರ ಸಾಫ್ಟ್‌ವೇರ್ ಮಾಡದೆ ಬಿಟ್ಟದ್ದನ್ನು ಮಾಡಿಕೊಡಿ: ರೈಸ್ ಮಿಲ್ಲಿನಲ್ಲಿ ಭತ್ತ ಎಷ್ಟು ಬಂತು, ಅಕ್ಕಿ ಎಷ್ಟು, ನುಚ್ಚು ಎಷ್ಟು, ತೌಡು ಎಷ್ಟು, ಇಂಥದ್ದು. ಇಆರ್‌ಪಿನೆಕ್ಸ್ಟ್ ಥರದ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಿಕೊಳ್ಳಬಹುದಾದ) ವ್ಯಾಪಾರದ ಸಾಫ್ಟ್‌ವೇರ್ ಕಲಿತುಕೊಳ್ಳಿ. ಲೈಸೆನ್ಸ್‌ಗೆ ದುಡ್ಡಿಲ್ಲ, ಖಾತೆಯ ಭಾಗ ಆಗಲೇ ಬರೆದಿದೆ, ನೀವು ನಾಳೆ ಕೈಬಿಟ್ಟರೂ ಅದು ಗೊತ್ತಿರುವ ಇನ್ನೊಬ್ಬರು ಸಿಗುತ್ತಾರೆ. ಈ ಕೊನೆಯದನ್ನು ಗ್ರಾಹಕರಿಗೆ ನೀವೇ ಬಾಯಿಬಿಟ್ಟು ಹೇಳಿ. ಅವರ ಭಯ ರೇಟಿನದ್ದಲ್ಲ, ನೀವು ಮಾಯವಾಗುತ್ತೀರಿ ಅನ್ನುವುದು. ವಾರ್ಷಿಕ ನಿರ್ವಹಣೆ ಒಪ್ಪಂದವಿಲ್ಲದೆ ಕೆಲಸ ಹಿಡಿಯಬೇಡಿ. ವರ್ಷದ ಆದಾಯ 20 ಲಕ್ಷ ದಾಟುವ ಹಾಗಿದ್ದರೆ ಜಿಎಸ್‌ಟಿ ನೋಂದಣಿ ಮರೆಯಬೇಡಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಅಗರಬತ್ತಿ ತಯಾರಿಕೆ ಇದೆ. ಒಂದು ಡೆವಲಪ್‌ಮೆಂಟ್ ಕಂಪನಿ ತಿಂಗಳಿಗೆ 45,000 ಕೊಟ್ಟರೆ ‘ಎಷ್ಟು ಬೇಕಾದರೂ ಕೆಲಸ ಹೇಳಿ, ಮಾಡಿಕೊಡುತ್ತೇವೆ’ ಅನ್ನುತ್ತಿದೆ. ಡೀಲರುಗಳು ಆರ್ಡರ್ ಹಾಕುವ ಆ್ಯಪ್ ಬೇಕಿತ್ತು.

ಉತ್ತರ: ಎಷ್ಟು ಬೇಕಾದರೂ ಹೇಳಬಹುದು, ಮಾಡುವುದು ಒಂದಾದ ಮೇಲೆ ಒಂದು. ಇಂಥ ಯೋಜನೆಗಳಲ್ಲಿ ಕೆಲಸಗಳು ಸಾಲಿನಲ್ಲಿ ನಿಂತಿರುತ್ತವೆ. ನಿಮ್ಮ ಕಡೆ ದಿನಾ ಪರೀಕ್ಷಿಸಿ, ಇದು ಸರಿ, ಇದು ತಪ್ಪು ಅಂತ ಬರೆದು ಕೊಡುವ ಒಬ್ಬರು ಇದ್ದರೆ ಮೂರು ತಿಂಗಳಿಗೆ, 1,35,000ಕ್ಕೆ, ಕೆಲಸ ಆಗಬಹುದು. ಇಲ್ಲದಿದ್ದರೆ ಅವರು ನಿಮ್ಮ ಉತ್ತರಕ್ಕೆ ಕಾಯುತ್ತಾರೆ, ಮೀಟರ್ ಓಡುತ್ತಿರುತ್ತದೆ. ಮಧ್ಯದಲ್ಲಿ ನಿಲ್ಲಿಸಬಹುದಾ, ನಿಲ್ಲಿಸಿದ ದಿನ ಕೋಡ್ ಕೈಗೆ ಬರುತ್ತದಾ, ಈ ಎರಡು ಬರಹದಲ್ಲಿ ತಗೊಳ್ಳಿ. ಅದಕ್ಕೂ ಮುಂಚೆ ಹತ್ತು ಡೀಲರುಗಳಿಗೆ ಫೋನ್ ಮಾಡಿ ಕೇಳಿ. ವಾಟ್ಸಾಪಿನಲ್ಲಿ ‘ಎರಡು ಬಾಕ್ಸ್ ಕಳಿಸಿ ಅಣ್ಣಾ’ ಅನ್ನುವುದನ್ನು ಬಿಟ್ಟು ಅವರು ಆ್ಯಪ್ ತೆರೆಯುತ್ತಾರೆ ಅಂತ ನನಗೇನೂ ನಂಬಿಕೆ ಇಲ್ಲ.

ಪ್ರಶ್ನೆ: ತಿಂಗಳಿಗೆ ಮೂವತ್ತು ನಲವತ್ತು ಬಿಲ್ಲು ಅಷ್ಟೇ. ಎಕ್ಸೆಲ್ ಸಾಲದಾ?
— ಓದುಗರು, ಶಿರಸಿ

ಉತ್ತರ: ಸಾಕು. ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟಿರಿ.