ಮಂಡೆಬಿಸಿಯ ಬಗ್ಗೆ ಓದುವುದೂ ಒಂದು ಕೆಲಸವಾ?

ಪ್ರಶ್ನೆ: ನಮಸ್ತೆ ಟೀಚರ್. ನಾನು ಬದಿಯಡ್ಕದವಳು, ಮಂಗಳೂರಿನಲ್ಲಿ ಎಂಬಿಎ ಕೊನೆಯ ವರ್ಷ. ಕೆಲಸದ ಜಾಗದಲ್ಲಿ ಜನ ಹೇಗಿರುತ್ತಾರೆ, ಅವರ ನೆಮ್ಮದಿ ಯಾಕೆ ಕೆಡುತ್ತದೆ ಎನ್ನುವುದರ ಮೇಲೆ ಪಿಎಚ್‌ಡಿ ಮಾಡಿ ನಿಮ್ಮ ಹಾಗೆ ಪ್ರೊಫೆಸರ್ ಆಗುವ ಆಸೆ. ಅಪ್ಪ ಅಡಿಕೆ ತೋಟ ನೋಡಿಕೊಳ್ಳುವವರು. "ದುಡಿದರೆ ತಾನಾಗಿ ಗೊತ್ತಾಗುವುದನ್ನು ಐದು ವರ್ಷ ಕೂತು ಓದುವುದೇಕೆ?" ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ಅಪ್ಪನ ಪ್ರಶ್ನೆ ಒಳ್ಳೆಯದೇ. ನನ್ನ ಅಮ್ಮನೂ ಅದನ್ನೇ ಕೇಳಿದ್ದರು. ಅವರು ಮೂವತ್ತು ವರ್ಷ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದ ಬೀಡಿಯಲ್ಲಿ ಇವತ್ತು ಎಷ್ಟನ್ನು ಸರಿಯಿಲ್ಲ ಎಂದು ತೆಗೆದುಹಾಕುತ್ತಾರೋ ಎನ್ನುವ ಹೆದರಿಕೆ ಬೆನ್ನುನೋವಿಗಿಂತ ಜಾಸ್ತಿ ಅನ್ನುತ್ತಿದ್ದರು. ನನಗೆ ವಿಷಯ ಸಿಕ್ಕಿದ್ದು ಆ ಜಗಲಿಯಲ್ಲಿ.

ದುಡಿಯುವವರಿಗೆ ನೋವು ಗೊತ್ತಿರುತ್ತದೆ, ನಿಜ. ಆದರೆ ಕಾರಣ ತಮ್ಮಲ್ಲೇ ಇದೆ ಎಂದುಕೊಂಡುಬಿಡುತ್ತಾರೆ. ನನಗೇ ತಾಳ್ಮೆ ಇಲ್ಲ, ನಾನೇ ನಿಧಾನ ಅಂತ. ಬೇರೆ ಬೇರೆ ಕಡೆ ಹೋಗಿ ನೋಡಿ ಹೋಲಿಸಿದಾಗ ಮಾತ್ರ ಕೆಲಸವನ್ನು ಹಂಚಿದ ರೀತಿಯಲ್ಲೇ ತಪ್ಪಿದೆ ಎಂದು ಕಾಣುತ್ತದೆ. 1951ರಲ್ಲಿ ಸಂಶೋಧಕರಾದ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದರು. ಮೊದಲೆಲ್ಲ ಒಂದು ಸಣ್ಣ ಗುಂಪು ಸೇರಿ ಪೂರ್ತಿ ಕೆಲಸ ಮಾಡುತ್ತಿತ್ತು. ಹೊಸ ಯಂತ್ರ ಬಂದಾಗ ಆ ಕೆಲಸವನ್ನು ತುಂಡು ತುಂಡು ಮಾಡಿ ಒಂದೊಂದು ಪಾಳಿಗೆ ಕೊಟ್ಟರು. ಗುಂಪುಗಳು ಒಡೆದವು, ಒಬ್ಬರ ಮೇಲೊಬ್ಬರು ತಪ್ಪು ಹೊರಿಸತೊಡಗಿದರು, ಕೆಲಸಕ್ಕೆ ಬಾರದವರು ಹೆಚ್ಚಾದರು. ಬ್ಯಾಮ್‌ಫೋರ್ತ್ ಸ್ವತಃ ಗಣಿಯಲ್ಲಿ ದುಡಿದವರು, ಇದನ್ನು ಅಪ್ಪನಿಗೆ ಹೇಳಿ. ದುಡಿದವನೂ ಓದಿದವನೂ ಒಬ್ಬನೇ ಆಗಿದ್ದ.

ನಮ್ಮ ದೇಶದಲ್ಲೂ ಇಂಥ ಅಧ್ಯಯನ ನಡೆದಿದೆ. 1953ರಲ್ಲಿ ಸಂಶೋಧಕ ಎ.ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಬಂದರು. ಹೊಸ ಸ್ವಯಂಚಾಲಿತ ಮಗ್ಗಗಳಿದ್ದವು, ಆದರೆ ಬಟ್ಟೆ ಅಂದುಕೊಂಡಷ್ಟು ಬರುತ್ತಿರಲಿಲ್ಲ. ಒಂದಿಷ್ಟು ಮಗ್ಗಗಳನ್ನು ಒಂದು ಸಣ್ಣ ಗುಂಪಿಗೇ ಒಪ್ಪಿಸಿ ನೋಡೋಣ ಎಂದರು. ಗುಂಪು ಮಾಡಿಕೊಂಡಿದ್ದು ಕೆಲಸಗಾರರೇ. ಬಟ್ಟೆಯೂ ಹೆಚ್ಚಿತು, ಹಾಳಾಗುವುದೂ ಕಡಿಮೆಯಾಯಿತು.

ಇನ್ನು ನಮ್ಮ ಮಗ್ಗುಲಲ್ಲೇ ನೋಡಿ. ಬೀಡಿ ಕೆಲಸಗಾರರ ಹಿತ ಕಾಯುವ 1966ರ ಕಾಯ್ದೆ ಕೇರಳದಲ್ಲಿ ಜಾರಿಗೆ ಬರುವ ಹೊತ್ತಿಗೆ, 1968ರಲ್ಲಿ, ಮಂಗಳೂರಿನ ಬೀಡಿ ಕಂಪನಿಯವರು ಕೇರಳದ ಶಾಖೆಗಳನ್ನು ಮುಚ್ಚಿದರು. ಸಾವಿರಾರು ಜನರ ಕೆಲಸ ಹೋಯಿತು. ಮರುವರ್ಷ ಕಣ್ಣೂರಿನಲ್ಲಿ ಕೆಲಸಗಾರರದ್ದೇ ಸಹಕಾರಿ ಸಂಘ, ದಿನೇಶ್ ಬೀಡಿ, ಶುರುವಾಯಿತು. ಕಣ್ಣೂರು ಕಡೆಯ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಪೇಪರ್ ಓದಿ ಹೇಳುತ್ತಿದ್ದರು, ಉಳಿದವರು ಬೀಡಿ ಕಟ್ಟುತ್ತ ಕೇಳುತ್ತಿದ್ದರು, ಓದಿದವರ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ತುಂಬಿಕೊಡುತ್ತಿದ್ದರು. ಕೆಲಸದ ಜಾಗದ ನೆಮ್ಮದಿ ಎಂದರೆ ನನಗೆ ಮೊದಲು ನೆನಪಾಗುವುದು ಇದು. ಅಮ್ಮ ಜಗಲಿಯಲ್ಲಿ ಒಬ್ಬರೇ ಕೂತಿರುತ್ತಿದ್ದರು.

ದಾರಿ ಹೇಗೆ ಅಂದರೆ, ಮೊದಲು ಯುಜಿಸಿ ನೆಟ್ ಎನ್ನುವ ಅರ್ಹತಾ ಪರೀಕ್ಷೆ ಬರೆಯಿರಿ. ಮ್ಯಾನೇಜ್‌ಮೆಂಟ್ ಒಂದು ವಿಷಯ, ಕಾರ್ಮಿಕ ಕಲ್ಯಾಣದ ಕಡೆಯದ್ದೂ ಒಂದಿದೆ. ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅಪ್ಪನಿಗೆ ಇದೂ ಹೇಳಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ನಿಮ್ಮ ಜಿಲ್ಲೆಯಲ್ಲೇ ಇದೆ, ಅದನ್ನೂ ವಿಚಾರಿಸಿ.

ನಿಮ್ಮ ದೊಡ್ಡ ಆಸ್ತಿ ಭಾಷೆ. ಕನ್ನಡ, ತುಳು, ಮಲಯಾಳ ಮೂರೂ ಬರುತ್ತದಲ್ವಾ? ನಾನು ಮೊದಲ ಸಲ ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡ ಮಾಡಿಕೊಂಡು "ನಿಮಗೆ ಒತ್ತಡ ಇದೆಯೇ?" ಎಂದು ಕೇಳುತ್ತ ಹೋದೆ. ಎಲ್ಲರೂ "ಇಲ್ಲಪ್ಪ" ಅಂದರು. ಒಂದು ದಿನ ಸುಮ್ನೆ "ಮಂಡೆಬಿಸಿ ಉಂಟಾ?" ಎಂದು ಕೇಳಿದೆ. ಆ ಅಕ್ಕ ಒಂದು ಗಂಟೆ ಮಾತಾಡಿದರು. ಅದುವರೆಗೆ ತುಂಬಿಸಿದ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟು ಮತ್ತೆ ಮೊದಲಿಂದ ಶುರು ಮಾಡಿದೆ.

ಪ್ರಶ್ನೆ: ಕಾಸರಗೋಡು ಪೇಟೆಯ ಜವಳಿ ಅಂಗಡಿಯಲ್ಲಿ ಸೇಲ್ಸ್‌ಗೆ ನಿಲ್ಲುವವಳು ನಾನು. ಕೂರಲು ಸ್ಟೂಲ್ ಇಟ್ಟಿದ್ದಾರೆ, ಆದರೆ ಕೂತರೆ ಮುಖ ಗಂಟಿಕ್ಕುತ್ತಾರೆ. ಮಾತಾಡಿದರೆ ಕೆಲಸ ಹೋದೀತು ಎಂದು ಭಯ.

ಉತ್ತರ: ಆ ಸ್ಟೂಲ್ ಅವರ ದಯೆಯಿಂದ ಬಂದದ್ದಲ್ಲ. ಕೋಳಿಕ್ಕೋಡಿನ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿ, 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿದ್ದರಿಂದ ಬಂದದ್ದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂರುವುದು ನಿಮ್ಮ ಹಕ್ಕು. ಒಬ್ಬರೇ ಹೋಗಿ ಕೇಳಬೇಡಿ. ನಾಲ್ಕೈದು ಜನ ಸೇರಿ ಹೋಗಿ, ಅಥವಾ ಲೇಬರ್ ಆಫೀಸಿಗೆ ಬರೆದು ಕೊಡಿ.

ಮಾತಾಡಲು ಭಯ ಇರುವ ಕಡೆ ಅಂಗಡಿಗೂ ನಷ್ಟವೇ. ಸಂಶೋಧಕಿ ಆಮಿ ಎಡ್ಮಂಡ್‌ಸನ್ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದರು. ಚೆನ್ನಾಗಿ ಹೊಂದಿಕೊಂಡಿದ್ದ ತಂಡಗಳಲ್ಲೇ ತಪ್ಪು ಜಾಸ್ತಿ ಕಂಡಿತು! ಆಮೇಲೆ ಗೊತ್ತಾಯಿತು, ಅವರು ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಉಳಿದವರು ಮುಚ್ಚಿಡುತ್ತಿದ್ದರು. ನಿಮ್ಮ ಯಜಮಾನರು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ಪ್ರಶ್ನೆ: ಉಪ್ಪಳದಿಂದ ಬರೆಯುತ್ತಿದ್ದೇನೆ. ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಏಳುವಾಗಲೇ ಸುಸ್ತು, ಗಿರಾಕಿಗಳನ್ನು ಕಂಡರೆ ಕೋಪ. ಬರ್ನ್‌ಔಟ್ ಎನ್ನುತ್ತಾರಲ್ಲ, ಅದು ಕಾಯಿಲೆಯಾ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆ ಎನ್ನಲಿಲ್ಲ. ಕೆಲಸದಿಂದ ಬರುವ ಸ್ಥಿತಿ ಎಂದಿತು. ಪೂರ್ತಿ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನಿಂದ ಏನೂ ಆಗುತ್ತಿಲ್ಲ ಅನಿಸುವುದು, ಈ ಮೂರು ಅದರ ಗುರುತು. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಹೊತ್ತಿಗೆ ಮಂಡೆಬಿಸಿ ಆಗುತ್ತದೆ, ಆಗ ಮಾಡುತ್ತಿದ್ದ ಕೆಲಸ ಯಾವುದು, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸಿದವರು ಯಾರು. ಆ ಪುಸ್ತಕ ಹಿಡಿದೇ ಮ್ಯಾನೇಜರ್ ಹತ್ತಿರ ಮಾತಾಡಿ. ನಿದ್ದೆ, ಊಟ ಕೆಟ್ಟಿದ್ದರೆ ಮಾತ್ರ ಎರಡು ವಾರ ಕಾಯಬೇಡಿ, ಈ ವಾರವೇ ಡಾಕ್ಟರನ್ನು ನೋಡಿ.