ಚಂದ್ರನ ಫೋಟೋದಲ್ಲಿ ನಕ್ಷತ್ರ ಯಾಕಿಲ್ಲ?

ಚಂದ್ರಯಾನ-3ರ ಫೋಟೋಗಳು ಕಪ್ಪುಬಿಳುಪು, ಒಂದು ನಕ್ಷತ್ರವೂ ಇಲ್ಲ, ಇವು ನಿಜಾನಾ ಅಂತ ಕೇಳಿದ್ದೀರಿ. ಖಂಡಿತ ನಿಜ. 2023ರ ಆಗಸ್ಟ್ 23ಕ್ಕೆ ಅದರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ಅಲ್ಲಿ ಹಗಲು. ಬಿಸಿಲು ಬಿದ್ದ ನೆಲ ಸರಿಯಾಗಿ ಕಾಣಬೇಕಾದರೆ ಕ್ಯಾಮೆರಾ ತೀರಾ ಕಡಿಮೆ ಹೊತ್ತು ಬೆಳಕು ತಗೊಳ್ಳಬೇಕು. ಅಷ್ಟರಲ್ಲಿ ನಕ್ಷತ್ರ ಮೂಡುವುದಿಲ್ಲ.

ತೀರ್ಥಹಳ್ಳಿಯವರು ಅಂದಿರಲ್ವಾ? ಮಳೆಗಾಲ ಕಳೆದ ಮೇಲೆ, ಮೋಡವಿಲ್ಲದ ರಾತ್ರಿ ಅಂಗಳದ ಲೈಟ್ ಹಾಕಿ. ಫೋನಿನ ಕ್ಯಾಮೆರಾದ ನೈಟ್ ಮೋಡ್ ಆಫ್ ಮಾಡಿ, ತಂತಿ ಮೇಲಿನ ಬಿಳಿ ಪಂಚೆಗೆ ಫೋಕಸ್ ಇಟ್ಟು ಕ್ಲಿಕ್ ಮಾಡಿ. ಪಂಚೆಯ ಸುಕ್ಕೂ ಕಾಣುತ್ತದೆ, ಆಕಾಶ ಮಾತ್ರ ಬರೀ ಕಪ್ಪು.

ಇನ್ನು ಬಣ್ಣದ ಮಾತು. ವಿಕ್ರಮ್‌ನಿಂದ ಇಳಿದು ಓಡಾಡಿದ ಪುಟ್ಟ ಗಾಡಿ, ಅಂದರೆ ರೋವರಿನ ನ್ಯಾವಿಗೇಷನ್ ಕ್ಯಾಮೆರಾ ಇರುವುದು ಹೊಂಡ, ಕಲ್ಲು ನೋಡಿ ದಾರಿ ಹುಡುಕುವುದಕ್ಕೆ. ಅದಕ್ಕೆ ಕಪ್ಪುಬಿಳುಪೇ ಸಾಕು. ವಾಟ್ಸಾಪಿನ ಮಸುಕು ಚಿತ್ರ ನೋಡಿ ಸುಮ್ನೆ ಅನುಮಾನ ಪಡಬೇಡಿ. ಚಂದ್ರಯಾನ-3ರ ಮೂಲ ಚಿತ್ರಗಳು ಇಸ್ರೋದ ‘ಪ್ರದಾನ್’ ಪೋರ್ಟಲಿನಲ್ಲಿವೆ, ತೆರೆದು ನೋಡಿ.