ಗುಂಪಿನ ಕೊನೆಯಲ್ಲಿದ್ದರೆ ಏರೋ ಬಾರ್ ಹಿಡಿಯಬಹುದಾ?

ಗ್ರೂಪ್ ರೈಡ್‌ಗೆ ಯಾವ ಏರೋ ಬಾರ್ ಸೇಫ್, ಕೊನೆಯಲ್ಲಿದ್ದರೆ ಅದನ್ನು ಹಿಡಿದು ಓಡಿಸಬಹುದಾ ಅಂತ ಕೇಳಿದ್ದೀರಿ. ಏರೋ ಬಾರ್ ಅಂದರೆ ಸೈಕಲ್ ಹ್ಯಾಂಡಲ್‌ನ ಮಧ್ಯದಿಂದ ಮುಂದಕ್ಕೆ ಚಾಚಿರುವ, ಮುಂಗೈ ಊರಿ ಬಗ್ಗಿ ಓಡಿಸುವ ಜೋಡಿ ಕೊಳವೆ. ಬ್ರೇಕ್ ಅದರ ಮೇಲೆ ಇರೋದಿಲ್ಲ. ಹಿಂದೆ ಯಾರೂ ಇಲ್ಲ, ಬಿದ್ದರೆ ನಾನೊಬ್ಬನೇ ತಾನೇ ಅನ್ನೋ ಈ ಲೆಕ್ಕವನ್ನು ನಾನೂ ಹಾಕಿದ್ದೆ. ಕಾಲರ್ ಬೋನ್ ಮುರಿದುಕೊಂಡೆ.

ಸಣ್ಣದೊಂದು ಏರು, ವೇಗ ಗಂಟೆಗೆ 30 ಕಿ.ಮೀ. ಮೊಣಕೈ ಪ್ಯಾಡ್ ಮೇಲೆ, ಮುಂಗೈ ಏರೋ ಬಾರ್ ಮೇಲೆ. ಮುಂದಿನವರ ಹಿಂಚಕ್ರಕ್ಕೂ ನನ್ನ ಮುಂಚಕ್ರಕ್ಕೂ ಒಂದು ಗೇಣು ಅಂತರ. ಅದೂ ನೇರ ಹಿಂದೆ ಅಲ್ಲ, ತುಸು ಎಡಕ್ಕೆ. ಅವರು ಏರು ಹತ್ತಲು ಸೀಟಿನಿಂದ ಎದ್ದು ನಿಂತರು. ಹಾಗೆ ಏಳುವಾಗ ಮೈ ಮುಂದಕ್ಕೆ ಹೋಗುತ್ತದೆ, ಪೆಡಲ್ ಮೇಲಿನ ಒತ್ತಡ ಒಂದು ಕ್ಷಣ ತಪ್ಪುತ್ತದೆ, ಸೈಕಲ್ ಹಿಂದಿದ್ದವರ ಕಡೆಗೆ ಗೇಣಿನಷ್ಟು ಜಾರಿದ ಹಾಗಾಗುತ್ತದೆ. ಅವರು ಬ್ರೇಕ್ ಮುಟ್ಟಿರಲಿಲ್ಲ, ಯಾವ ತಪ್ಪನ್ನೂ ಮಾಡಿರಲಿಲ್ಲ. ನನ್ನ ಮುಂಚಕ್ರ ಹೋಗಿ ಅವರ ಹಿಂಚಕ್ರದ ಪಕ್ಕಕ್ಕೆ ಒತ್ತಿಕೊಂಡಿತು.

ಬ್ರೇಕ್ ತಡವಾಯಿತು ಅಂತ ಎಲ್ಲರೂ ಹೇಳಿದರು. ಅದು ಅರ್ಧ ನಿಜ. 30 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 8.3 ಮೀಟರ್. ಏರೋ ಬಾರ್‌ನಿಂದ ಕೈ ತೆಗೆದು ಬ್ರೇಕ್ ಲಿವರ್ ಹಿಡಿಯಲು ಅರ್ಧ ಸೆಕೆಂಡ್ ಸಾಕು ಅಂದುಕೊಂಡರೂ ಅಷ್ಟರಲ್ಲಿ 4 ಮೀಟರ್ ಮುಗಿದಿರುತ್ತದೆ. ನನ್ನ ಮುಂದಿದ್ದದ್ದು ಒಂದು ಗೇಣು.

ಇನ್ನರ್ಧ ಮುಖ್ಯ, ಅದನ್ನು ಬಿಡಿಸಿ ಹೇಳುತ್ತೇನೆ. ಸೈಕಲ್ ಬೀಳದೆ ಓಡೋದು ಹ್ಯಾಂಡಲ್ ಸದಾ ಕೂದಲೆಳೆಯಷ್ಟು ಆ ಕಡೆ ಈ ಕಡೆ ಆಡುತ್ತಿರೋದರಿಂದ. ಮೈ ಬಲಕ್ಕೆ ವಾಲಿದರೆ ಚಕ್ರ ಬಲಕ್ಕೆ ತಿರುಗಿ ಭಾರದ ಕೆಳಗೆ ಬಂದು ನಿಲ್ಲಬೇಕು. ನನ್ನ ಬಲಕ್ಕೆ ಅವರ ಟೈರ್ ಗೋಡೆಯ ಹಾಗೆ ಇತ್ತು, ಚಕ್ರ ತಿರುಗಲು ಜಾಗವೇ ಇಲ್ಲ. ಎಡಕ್ಕೆ ತಪ್ಪಿಸಿಕೊಳ್ಳಲು ಎಳೆದೆ. ಆದರೆ ಎಡಕ್ಕೆ ವಾಲಬೇಕಾದರೂ ಮೊದಲು ಚಕ್ರ ಸ್ವಲ್ಪ ಬಲಕ್ಕೆ ಹೋಗಲೇಬೇಕು, ಅದಕ್ಕೂ ದಾರಿ ಇಲ್ಲ. ಹಾಗಾಗಿ ಯಾವ ಚಕ್ರ ತಾಗಿತೋ ಅದರ ಕಡೆಗೇ ಬಿದ್ದೆ. ಮುಂದಿನವರಿಗೆ ತಾಗೋದು ಹಿಂಚಕ್ರ, ಹ್ಯಾಂಡಲ್ ಆಡಿಸಲು ಅವರಿಗೆ ಅಡ್ಡಿಯಿಲ್ಲ, ಅದಕ್ಕೇ ಸಾಮಾನ್ಯವಾಗಿ ಅವರು ಬೀಳೋದಿಲ್ಲ.

ಚಕ್ರ ತಾಗಿದಾಗ ಮಾಡಬೇಕಾದ್ದು ಇದರ ಉಲ್ಟಾ: ತಾಗಿದ ಕಡೆಗೇ ಮೈ ಒರಗಿಸಿ, ಹ್ಯಾಂಡಲ್ ಹಗುರವಾಗಿ ಅದೇ ಕಡೆಗೆ ಒತ್ತಿ ಹಿಡಿದು, ಪೆಡಲ್ ನಿಲ್ಲಿಸಿ, ಚಕ್ರ ತಾನಾಗಿ ಹಿಂದೆ ಸರಿಯಲು ಬಿಡಬೇಕು. ಹುಲ್ಲಿನ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಗೆಳೆಯರೊಬ್ಬರ ಜೊತೆ ಇದನ್ನು ಅಭ್ಯಾಸ ಮಾಡಬಹುದು. ಇದಕ್ಕೆ ಅಗಲವಾದ ಹಿಡಿತ ಬೇಕು. ಏರೋ ಬಾರ್ ಮೇಲೆ ಎರಡೂ ಕೈ ಮಧ್ಯದಲ್ಲಿ ಅಂಟಿಕೊಂಡಿರುತ್ತವೆ, ಭಾರ ಮುಂಚಕ್ರದ ಮೇಲಿರುತ್ತದೆ. ಹಗುರವಾಗಿ ಒತ್ತಲು ಹೋದರೂ ಝಾಡಿಸಿದಂತಾಗುತ್ತದೆ.

ಇನ್ನು, ಕೊನೆಯಲ್ಲಿ ಇರೋದು ಸುರಕ್ಷಿತ ಅನ್ನೋ ನಿಮ್ಮ ಮಾತೇ ತಪ್ಪು. ಮುಂದಿನವರು ವೇಗವನ್ನು ತುಸು ಇಳಿಸಿದರೆ ಎರಡನೆಯವರು ಇನ್ನೂ ಹೆಚ್ಚು ಇಳಿಸುತ್ತಾರೆ, ಹತ್ತನೆಯವರಿಗೆ ಬರುವ ಹೊತ್ತಿಗೆ ಅದು ಬ್ರೇಕ್ ಹಿಡಿಯುವಷ್ಟಾಗಿರುತ್ತದೆ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ಬ್ರೇಕಿನ ಅಗತ್ಯ ಎಲ್ಲರಿಗಿಂತ ಹೆಚ್ಚು ಬೀಳೋದು ಕೊನೆಯವರಿಗೆ.

1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್ ಏರೋ ಬಾರ್ ಹಿಡಿದು 24.5 ಕಿ.ಮೀ. ಓಡಿಸಿ, ಒಟ್ಟಾರೆ 8 ಸೆಕೆಂಡ್ ಅಂತರದಲ್ಲಿ ಲೋರಾಂ ಫಿನ್ಯೋ ಅವರನ್ನು ಸೋಲಿಸಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಅದು ಟೈಮ್ ಟ್ರಯಲ್, ಒಬ್ಬೊಬ್ಬರೇ ಓಡಿಸುವ ಸ್ಪರ್ಧೆ. ಎಲ್ಲರೂ ಒಟ್ಟಿಗೆ ಹೊರಡುವ ರೋಡ್ ರೇಸ್‌ಗಳಲ್ಲಿ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ಇದನ್ನು ಬಿಡೋದಿಲ್ಲ. 2021ರ ಏಪ್ರಿಲ್‌ನಿಂದ ಅಲ್ಲಿ ಬರೀ ಹ್ಯಾಂಡಲ್ ಮೇಲೆ ಮುಂಗೈ ಊರಿ ಓಡಿಸೋದಕ್ಕೂ ನಿಷೇಧ ಇದೆ. ಅಷ್ಟಕ್ಕೂ ಮುಂದಿನವರ ಬೆನ್ನ ಹಿಂದೆ ಇದ್ದಾಗ ಗಾಳಿ ಹೇಗೂ ಕಡಿಮೆ. ಏರೋ ಬಾರ್‌ನಿಂದ ಅಲ್ಲಿ ಸಿಗುವ ಲಾಭ ಅತ್ಯಲ್ಪ.

ಆದ್ದರಿಂದ ಮಾಡೆಲ್ ಹುಡುಕಬೇಡಿ, ಇರೋದನ್ನು ಬಿಚ್ಚಿಡಿ. ‘ಹಾಕಿರ್ತೀನಿ, ಹಿಡಿಯಲ್ಲ’ ಅನ್ನೋದೂ ಬೇಡ, ಸುಸ್ತಾದಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಅಲೆನ್ ಕೀಯಿಂದ ಎರಡೂ ಕ್ಲ್ಯಾಂಪ್ ಬಿಚ್ಚಿದ ಮೇಲೆ ಹ್ಯಾಂಡಲ್‌ನಲ್ಲಿ ಅವು ಕೂತಿದ್ದ ಜಾಗವನ್ನು ಒರೆಸಿ ನೋಡಿ. ಕಾರ್ಬನ್ ಹ್ಯಾಂಡಲ್ ಆಗಿದ್ದು ಅಲ್ಲಿ ಬಿರುಕೋ ತಗ್ಗೋ ಕಂಡರೆ, ಅಥವಾ ಉಗುರಿನಿಂದ ತಟ್ಟಿದಾಗ ಸದ್ದು ಮಂದವಾಗಿದ್ದರೆ ಅದನ್ನು ಬದಲಿಸಿ. ಎಲ್ಲ ಕಾರ್ಬನ್ ಹ್ಯಾಂಡಲ್‌ಗಳೂ ಕ್ಲ್ಯಾಂಪ್ ತಡೆಯುವಂತೆ ಮಾಡಿದವಲ್ಲ. ಒಬ್ಬರೇ ಹೋಗುವ ದಿನ ಮತ್ತೆ ಹಾಕುವಾಗ ಬೋಲ್ಟ್ ಬಳಿ ಕ್ಲ್ಯಾಂಪ್ ಮೇಲೆ ಬರೆದಿರುವ ಟಾರ್ಕ್ (ಬಿಗಿಸುವ ಬಲ) ಮೀರಬೇಡಿ, ಹೆಚ್ಚಿನವಕ್ಕೆ ಅದು 5 ನ್ಯೂಟನ್ ಮೀಟರ್ ಆಸುಪಾಸು.

ಗುಂಪಿನಲ್ಲಿ ಕೈ ಹುಡ್ (ಬ್ರೇಕ್ ಲಿವರ್‌ನ ರಬ್ಬರ್ ಹಿಡಿ) ಮೇಲೋ ಡ್ರಾಪ್‌ನಲ್ಲೋ (ಹ್ಯಾಂಡಲ್‌ನ ಕೆಳಬಾಗಿದ ಭಾಗ) ಇರಲಿ, ಒಂದೆರಡು ಬೆರಳು ಲಿವರ್ ಮೇಲೇ ಇರಲಿ. ನಿಮ್ಮ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಬರುವಷ್ಟು ಮುಂದೆ ಹೋಗಬೇಡಿ.

ನೀವು ಕೇಳದಿದ್ದರೂ ಇನ್ನು ಕೆಲವು. ಹ್ಯಾಂಡಲ್ ತುದಿಯ ಪ್ಲಗ್ ಬಿದ್ದುಹೋಗಿದ್ದರೆ ಅದಿಲ್ಲದೆ ಹೊರಡಬೇಡಿ. ಬಿದ್ದಾಗ ಆ ತೆರೆದ ಕೊಳವೆ ತೊಡೆಯ ಮಾಂಸವನ್ನು ಕೊರೆದು ತೆಗೆಯುತ್ತದೆ. ಸಿಗದಿದ್ದರೆ ಅವತ್ತಿಗೆ ಬಾಟಲಿ ಬಿರಡೆ ಕೆತ್ತಿ ತುರುಕಿದರೂ ಸರಿ. ಹಿಂದಿನ ಲೈಟ್ ಮಿನುಗದೆ ಒಂದೇ ಸಮ ಉರಿಯಲಿ, ತುಸು ಕೆಳಮುಖವಾಗಿರಲಿ. ಮಿನುಗುವ ಲೈಟನ್ನು ಒಂದು ಗಂಟೆ ನೋಡಿಕೊಂಡು ಓಡಿಸೋದು ಹಿಂದಿದ್ದವರಿಗೆ ಶಿಕ್ಷೆ. ಸ್ಪೀಕರ್, ಇಯರ್‌ಫೋನ್ ಎರಡೂ ಬೇಡ. ಮುಂದಿನವರು ತುಳಿಯೋದು ನಿಲ್ಲಿಸಿದ್ದು ಮೊದಲು ಗೊತ್ತಾಗೋದು ಫ್ರೀವೀಲ್‌ನ ಟಿಕ್ ಟಿಕ್ ಸದ್ದಿನಿಂದ. ಮಳೆಯಲ್ಲಿ ಹಿಂಚಕ್ರಕ್ಕೆ ಮಡ್‌ಗಾರ್ಡ್ ಇಲ್ಲದವರು ಕೊನೆಯಲ್ಲೇ ಇರಬೇಕು.

ಟ್ಯೂಬ್ ನಿಮ್ಮದೇ ತನ್ನಿ, ನಿಮ್ಮ ರಿಮ್‌ಗೆ ಹೊಂದುವುದನ್ನೇ ತನ್ನಿ. 50 ಎಂಎಂ ಎತ್ತರದ ರಿಮ್‌ಗೆ ಬೇರೆಯವರು ಕೊಡುವ ಟ್ಯೂಬಿನ 48 ಎಂಎಂ ವಾಲ್ವ್ (ಗಾಳಿ ತುಂಬುವ ನಳಿಕೆ) ಹೊರಗೇ ಬರೋದಿಲ್ಲ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದಿರುವಾಗ ಲಿವರ್ ಒತ್ತಬೇಡಿ, ಸಹಾಯಕ್ಕೆ ಬಂದವರಿಗೂ ಹೇಳಿಡಿ. ಒತ್ತಿದರೆ ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಇಡೀ ಗುಂಪು ರಸ್ತೆ ಬದಿಯಲ್ಲಿ ನಿಂತು, ನೀವು ಟೈರ್ ಬಿಚ್ಚುವ ಲಿವರ್ ತೂರಿಸಿ ಅವನ್ನು ಬಿಡಿಸೋದನ್ನು ನೋಡುತ್ತಿರಬೇಕಾಗುತ್ತದೆ.